ಮಬ್ಬು ಗಾಜು ಹಿಡಿದ ಬೆಳಕು

ಎರಡು ಸಾವಿರದ ಇಸವಿ ಕಳೆದ ನಂತರದ ಮೊದಲ ಕೆಲವು ವರ್ಷಗಳ ಮಾತು. ಆಗ ನಾನು ಹೈದರಾಬಾದಿನ ಕೊಂಡಾಪುರದ ಪ್ರಯೋಗಾಲಯವೊಂದರಲ್ಲಿ ತೆಳುಪದರ ಸೌರಕೋಶ ವಿಭಾಗದ ಮುಖ್ಯಸ್ಥ. ಸುತ್ತಲೂ ಸಾಫ್ಟ್‌ವೇರ್ ಕಟ್ಟಡಗಳು ಏಳುತ್ತಿದ್ದವು. ಅಂಥ ಒಂದು ಕಂಪನಿ ನಮ್ಮ ಮಹಡಿಯನ್ನೇ ಬಾಡಿಗೆಗೆ ಕೇಳಿತ್ತು. ರಾಯಚೂರು ಮೂಲದ ನಮ್ಮ ನಿರ್ದೇಶಕರು ಸುತ್ತುಬಳಸದೆ ಹೇಳಿದರು: "ಶುಕ್ರವಾರದೊಳಗ ಹದಿನೈದು ತೋರಸ್ರಿ. ಇಲ್ಲಾಂದ್ರ ಜಾಗ ಖಾಲಿ ಮಾಡ್ರಿ."

ಹದಿನೈದು ಎಂದರೆ ಕೋಶದ ಪ್ರತಿ ಚದರ ಸೆಂಟಿಮೀಟರಿಗೆ ಹದಿನೈದು ಮಿಲಿಆಂಪಿಯರ್ ವಿದ್ಯುತ್. ನಮ್ಮ ಕೋಶಗಳು ಹದಿಮೂರು ದಾಟಿರಲಿಲ್ಲ. ಸಿಲಿಕಾನ್ ಪದರ ಬಹಳ ತೆಳು. ಕೆಂಪು ಬೆಳಕು ಪೂರ್ತಿ ಹೀರಲ್ಪಡುವ ಮೊದಲೇ ಹಾದುಹೋಗುತ್ತಿತ್ತು. ಬೆಳಕನ್ನು ಚದುರಿಸುವ ಒರಟು ಗಾಜು ಬೇಕೆಂದು ವಿದೇಶಕ್ಕೆ ಬರೆದಿದ್ದೆ. ಉತ್ತರವಿರಲಿಲ್ಲ.

ಕೋಶ ಕಟ್ಟುವ ಮುನ್ನ ಗಾಜಿಗೆ ಜಿಂಕ್ ಆಕ್ಸೈಡ್ ಲೇಪಿಸಿ, ತೆಳುವಾದ ಆಮ್ಲದಲ್ಲಿ ಅದ್ದಿ ತೊಳೆಯುತ್ತಿದ್ದೆವು. ತೊಳೆದ ಗಾಜಿನ ಹಿಂದೆ ದಿನಪತ್ರಿಕೆ ಹಿಡಿದಾಗ ಅಕ್ಷರ ಸ್ಪಷ್ಟವಾಗಿ ಕಂಡರೆ ಪಾಸು. ಮಬ್ಬಾದರೆ ರಿಜೆಕ್ಟ್ ಟ್ರೇಗೆ. ನಿಯಮ ನನ್ನದೇ. ಈ ಕೆಲಸಕ್ಕೂ ಮೊದಲು ದುರ್ಬೀನಿನ ಮಸೂರ ತಯಾರಿಸುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದವನು ನಾನು; ಅಲ್ಲಿ ಮಬ್ಬೆಂದರೆ ದೋಷ.

ಬುಧವಾರ ಬೆಳಿಗ್ಗೆ ನಮ್ಮ ತಂತ್ರಜ್ಞೆ, ಬೀದರ್ ಕಡೆಯ ಶಿವಲೀಲಾ, ಆ ಟ್ರೇಯನ್ನು ನನ್ನ ಮೇಜಿನ ಮೇಲೆ ತಂದಿಟ್ಟಳು.

"ಸರ್, ಇವುಕ್ಕೂ ಸಿಲಿಕಾನ್ ಹಾಕೂಣ್ರಿ."

"ಅಕ್ಷರಾನ ಕಾಣಂಗಿಲ್ಲಲ್ಲವಾ."

"ನಾವೇನ್ ಪೇಪರ್ ಓದಾಕ ಕೋಶ ಮಾಡಾಕತ್ತೀವೇನ್ರಿ? ಕಿಟಕಿಗೆ ಹಿಡದ್ ನೋಡ್ರಿ. ಬೆಳಕು ಅಡ್ಡಾಡಾಕತ್ತೈತಿ, ಸೀದಾ ದಾಟಿ ಹೋಗವಲ್ದು."

ಸಿಟ್ಟಿನಲ್ಲೇ ಕಿಟಕಿಗೆ ಹಿಡಿದೆ. ಅವಳು ಹೇಳಿದ್ದು ನಿಜ. ಆ ಮಬ್ಬು ಕೊಳೆಯಲ್ಲ. ಹೆಚ್ಚು ಹೊತ್ತು ಅದ್ದಿದಾಗ ಆಮ್ಲ ಲೇಪದಲ್ಲಿ ಕೊರೆದ ಕುಳಿಗಳು, ಒಂದೊಂದೂ ಕೂದಲೆಳೆಯ ದಪ್ಪಕ್ಕಿಂತ ನೂರು ಪಟ್ಟು ಚಿಕ್ಕವು. ಇಂಥ ನ್ಯಾನೊ ರಚನೆ ಬೆಳಕನ್ನು ಓರೆಯಾಗಿ ಚದುರಿಸುತ್ತದೆ. ಓರೆಯಾದ ಬೆಳಕು ಪದರದೊಳಗೆ ಹೆಚ್ಚು ದೂರ ಸಾಗಿ ಹೆಚ್ಚು ಹೀರಲ್ಪಡುತ್ತದೆ. ವಿದೇಶದಿಂದ ಬೇಡುತ್ತಿದ್ದ ಗಾಜನ್ನು ನಾನೇ ತಿಂಗಳುಗಟ್ಟಲೆ ಎಸೆದಿದ್ದೆ.

ಮೂರು ಗಾಜುಗಳಿಗೆ ಅಂದೇ ಸಿಲಿಕಾನ್, ಮರುದಿನ ಹಿಂಬದಿಗೆ ಬೆಳ್ಳಿ. ಶುಕ್ರವಾರ ಹತ್ತು ಗಂಟೆಗೆ ನಿರ್ದೇಶಕರ ಎದುರಿನಲ್ಲೇ ಪರೀಕ್ಷಾ ದೀಪದಡಿ ಇಟ್ಟೆವು. ಮೊದಲನೆಯದು ಶಾರ್ಟ್ ಆಗಿತ್ತು. ನಿರ್ದೇಶಕರು ಗಡಿಯಾರ ನೋಡಿಕೊಂಡರು. ಎರಡನೆಯದು ಹದಿನೈದು ಪಾಯಿಂಟ್ ಎಂಟು. ಮೂರನೆಯದು ಹದಿನಾರು ದಾಟಿತು!

"ಭಲೇ! ಈ ಗಾಜು ಎಲ್ಲಿಂದ ತರಿಸಿದ್ರಿ?"

"ಸಾಹೇಬರು ಕಸಕ್ಕ ಒಗದಿದ್ದ್ರಾಗಿಂದ್ರಿ," ಎಂದಳು ಶಿವಲೀಲಾ. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಮಹಡಿ ನಮಗೇ ಉಳಿಯಿತು. ಶಿಸ್ತನ್ನು ನಾನು ಇಂದಿಗೂ ಬಿಟ್ಟಿಲ್ಲ. ಆದರೆ ಶಿಸ್ತಿನವರ ತಪ್ಪಿಗೆ ಒಂದು ಅಪಾಯವಿದೆ: ಅದೂ ದಿನಾಲು ಸಮಯಕ್ಕೆ ಸರಿಯಾಗಿ ನಡೆಯುತ್ತದೆ.