ಹತ್ತಕ್ಕೆ ಸೊನ್ನೆ

ನಮ್ಮ ಬೀದಿಯ ಬೀಗ ರಿಪೇರಿಯವನಿಗೆ ಫೋನಿನಲ್ಲಿ ಎಂಟುನೂರು ಗೆಳೆಯರು. ಯಾರನ್ನು ಎಷ್ಟು ನಂಬಬಹುದೆಂದು ಒಬ್ಬೊಬ್ಬರಿಗೂ ಹತ್ತಕ್ಕೆ ಇಷ್ಟೆಂದು ಅಂಕ ಹಾಕಿ ಬರೆದಿಟ್ಟುಕೊಂಡಿದ್ದ ಪುಣ್ಯಾತ್ಮ. ಅವನ ಪ್ರತಿ ಫೋಟೊವನ್ನೂ ಮೆಚ್ಚಿದವರಿಗೆ ಕಣ್ಣುಮುಚ್ಚಿ ಹತ್ತು. "ಹೊಟ್ಟೆ ಎಳ್ಕೊಂಡು ನಿಂತಿದೀಯಲ್ಲೋ" ಎಂದು ಫೋಟೊದ ಕೆಳಗೆ ಬರೆದ ಎದುರುಮನೆ ದರ್ಜಿಗೆ ಸೊನ್ನೆ. ಸಾಲದ್ದಕ್ಕೆ ಬ್ಲಾಕ್ ಬೇರೆ.

ಮೊನ್ನೆ ಕೀಲಿಯನ್ನೂ ಸಲಕರಣೆಯ ಚೀಲವನ್ನೂ ಒಳಗೇ ಬಿಟ್ಟು ಮನೆ ಬಾಗಿಲು ಎಳೆದುಕೊಂಡ. ಅದು ತಾನೇ ಬೀಗ ಹಾಕಿಕೊಂಡಿತು.

"ನಿಮ್ಮ ಹತ್ತು ಅಂಕದೋರಲ್ಲಿ ಯಾರ ಹತ್ರ ಇದೆ ನಮ್ಮನೆ ಇನ್ನೊಂದು ಕೀಲಿ?" ಎಂದಳು ಹೆಂಡತಿ.

ಅವನು ರಸ್ತೆ ದಾಟಿದ. ದರ್ಜಿ ಮಷೀನು ತುಳಿಯುವುದನ್ನು ನಿಲ್ಲಿಸದೆ, ಗುಂಡಿ ಡಬ್ಬಿಯಿಂದ ಕೀಲಿ ತೆಗೆದುಕೊಟ್ಟ.

"ಬ್ಲಾಕ್ ಮಾಡಿದ ದಿನಾನೇ ವಾಪಸ್ ಕೇಳ್ತೀಯ ಅಂದ್ಕೊಂಡಿದ್ದೆ. ವರ್ಷ ಆಯ್ತು, ನೀನು ಕೇಳ್ಲೇ ಇಲ್ಲ."