ಎರಡು ಬೆರಳು, ಎರಡು ರಾಡು

ಅವರ ಬಲಗೈಯ ಹೆಬ್ಬೆರಳೂ ತೋರುಬೆರಳೂ ಸುಮ್ಮನಿದ್ದದ್ದನ್ನು ನಾನು ನೋಡಿಲ್ಲ. ಕೈಯಲ್ಲಿ ಬಟ್ಟೆ ಇರಲಿ ಬಿಡಲಿ, ಎರಡೂ ಒಂದಕ್ಕೊಂದು ಉಜ್ಜಿಕೊಳ್ಳುತ್ತಲೇ ಇರುತ್ತಿದ್ದವು. ಬೇಕರಿಯ ಬನ್ನು, ಬಸ್ಸಿನ ಟಿಕೆಟ್ಟು, ಪಕ್ಕದಲ್ಲಿ ಕೂತವರ ಅಂಗಿಯ ತೋಳು, ಏನು ಸಿಕ್ಕಿದರೂ ಮೊದಲು ಹಿಚುಕಿ ನೋಡಬೇಕು. ಬೆರಳ ತುದಿಯ ಚರ್ಮ ಸವೆದು ಹೊಳೆಯುತ್ತಿತ್ತು. ರೇಷನ್ ಅಂಗಡಿಯ ಯಂತ್ರ ಆ ಹೆಬ್ಬೆಟ್ಟನ್ನು ಎಷ್ಟು ಒತ್ತಿಸಿಕೊಂಡರೂ ಗುರುತು ಹಿಡಿಯುತ್ತಿರಲಿಲ್ಲ. ಅಕ್ಕಿ ತರಲು ಅವರ ಹೆಂಡತಿಯೇ ಹೋಗಬೇಕಿತ್ತು.

ದೊಡ್ಡಬಳ್ಳಾಪುರದಲ್ಲಿ ನಮ್ಮ ಮನೆಯ ಎದುರಿಗೇ ಅವರ ಸೀರೆ ಅಂಗಡಿ, ಅದರ ಮೇಲೆ ಮನೆ. ನನಗೆ ಅವರು ಚಾಚಾ, ಅವರ ಹೆಂಡತಿ ಚಾಚಿ. ನಾನು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ಪು ಗೆದ್ದು ತರಲು ಶುರು ಮಾಡಿದ ಮೇಲೆ ನನ್ನ ಹೆಸರು ಮರೆತವರಂತೆ ‘ವಕೀಲಮ್ಮ’ ಎಂದೇ ಕರೆಯತೊಡಗಿದರು. ಅದು ಹೊಗಳಿಕೆ ಎಂದು ಅವರು ಒಮ್ಮೆಯೂ ಹೇಳಲಿಲ್ಲ.

ಊರಿನಲ್ಲಿ ಆ ಎರಡು ಬೆರಳಿಗೆ ಒಂದು ಅಧಿಕಾರವಿತ್ತು. ಮದುವೆಗೆಂದು ಎಲ್ಲೆಲ್ಲಿಂದಲೋ ಸೀರೆ ತಂದವರು ಒಮ್ಮೆ ಅವರ ಮುಂದೆ ಹಾಸುತ್ತಿದ್ದರು. ಅವರು ಕಣ್ಣು ಮುಚ್ಚಿ ಸೆರಗಿನ ಮೂಲೆ ಹಿಡಿದು ‘ರೇಷ್ಮೆ’ ಅಂದರೆ ರೇಷ್ಮೆ. ‘ನಕಲಿ, ಆರ್ಟ್ ಸಿಲ್ಕು, ಬೀಗ್ರನ್ನ ಕರ್ಸಿ’ ಅಂದರೆ ಬೀಗರು ಬಂದು ತಲೆ ತಗ್ಗಿಸಿ ನಿಲ್ಲಬೇಕು. ಆಧಾರ ಏನು ಎಂದು ಒಬ್ಬರೂ ಕೇಳುತ್ತಿರಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿದ್ದದ್ದು ಅದಕ್ಕೇ. ಒಬ್ಬ ಮನುಷ್ಯ ಕಣ್ಣು ಮುಚ್ಚಿದ ಎಂಬುದು ಯಾವ ನ್ಯಾಯದಲ್ಲಿ ಸಾಕ್ಷಿ?

ಆದರೆ ಬೆರಳು ತಪ್ಪುತ್ತಿರಲಿಲ್ಲ. ಅದನ್ನು ಒಪ್ಪಲೇಬೇಕು. ಗಿರಾಕಿಗಳ ಬಗ್ಗೆ ಅವರಿಗಿದ್ದ ತಾತ್ಸಾರವೂ ಅಲ್ಲಿಂದಲೇ ಬಂದದ್ದು. ಪವರ್‌ಲೂಮಿನ ಸಾಧಾರಣ ಸೀರೆಯನ್ನು ಕಿಟಕಿಯಿರುವ ಚಿನ್ನದ ಬಣ್ಣದ ಡಬ್ಬಿಗೆ ಹಾಕಿ, ಒಳಗೊಂದು ಬಿಳಿ ಕಾಗದ ಹೊದಿಸಿ, ‘ನೋಡ್ತಿರು ವಕೀಲಮ್ಮ’ ಎಂದು ಕಣ್ಣು ಹೊಡೆಯುತ್ತಿದ್ದರು. ಕೊಳ್ಳಲು ಬಂದವರು ಹಾಸಿಟ್ಟ ಒಳ್ಳೆಯ ಸೀರೆ ಬಿಟ್ಟು ಡಬ್ಬಿಯದನ್ನೇ ಕೇಳುವರು. ಅವರು ಹೋದ ಮೇಲೆ ಚಾಚಾ ನನ್ನ ಕಡೆ ತಿರುಗಿ, ‘ನಾನು ಸೀರೆ ಮಾರೋದಿಲ್ಲಮ್ಮಾ, ಡಬ್ಬಿ ಮಾರೋದು. ಸೀರೆ ಫ್ರೀ’ ಎನ್ನುವರು.

ಇಂಥ ಮನುಷ್ಯ ಒಂದು ಡಬ್ಬಿಗೆ ಬಿದ್ದರು.

ಶನಿವಾರ, ಭಾನುವಾರ ಬಂತೆಂದರೆ ಮಾಕಳಿದುರ್ಗದ ಕಡೆಯ ಕೆರೆಗೆ ಬೆಂಗಳೂರಿನಿಂದ ಕಾರುಗಳು ಬರುತ್ತವೆ. ಇಳಿಯುವ ಮಹನೀಯರು ಮೀನಿಗೆ ಕಾಣಬಾರದೆಂದು ಎಲೆಯ ಚಿತ್ರದ ಅಂಗಿ ಹಾಕಿರುತ್ತಾರೆ, ಜನಕ್ಕೆ ಕಾಣಲೆಂದು ಕೆಂಪು ಟೋಪಿ. ಇವರದು ಎರೆಹುಳು ಚುಚ್ಚಿ ಕಾಯುವ ಗಾಳವಲ್ಲ. ರಬ್ಬರಿನ ಕಪ್ಪೆಯೊಂದನ್ನು ದೂರ ಎಸೆದು, ನೀರಲ್ಲಿ ತೇಲುವ ಅಂತರಗಂಗೆಯ ಮೇಲೆ ಕುಣಿಸುತ್ತ ಎಳೆದು, ಅದು ನಿಜವಾದ ಕಪ್ಪೆಯೆಂದು ಕೊರಮೀನನ್ನು ನಂಬಿಸುವುದು. ಮೀನು ನಂಬುವುದು ಅಪರೂಪ. ಹಿಡಿಯುವವರು ಮಾತ್ರ ಮೊದಲೇ ನಂಬಿರುತ್ತಾರೆ: ಗಾಳದ ಕೋಲಿನಲ್ಲಿ, ಅಂದರೆ ರಾಡಿನಲ್ಲಿ, ಇಷ್ಟು ಕಾರ್ಬನ್ ಇದೆ, ದಾರ ಹಾಯುವ ರಿಂಗು ಇಂಥ ಕಲ್ಲಿನದು, ಹಿಡಿಯ ಬಿರಟೆ ಇಂಥ ದೇಶದ್ದು. ಗಂಟೆಗಟ್ಟಲೆ ಇದೇ ಮಾತು. ಮೀನಿನ ಬಗ್ಗೆ ಮಾತಾಡಿದವನನ್ನು ನಾನು ಅಲ್ಲಿ ಕಂಡಿಲ್ಲ.

ಭಾನುವಾರ ಬೆಳಿಗ್ಗೆ ಚಾಚಾ ಅದೇ ಕೆರೆಗೆ ಹೋಗುತ್ತಿದ್ದರು, ಅವರ ಸ್ಕೂಟರಿನ ಹಿಂದೆ ನಾನು. ಇಬ್ಬರ ಹತ್ತಿರವೂ ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಫೈಬರ್ ರಾಡು. ನನ್ನದರ ಬೆಲೆಗೆ ಅವರ ಅಂಗಡಿಯ ದಿನಬಳಕೆಯ ಸೀರೆ ಒಂದು ಬರುತ್ತಿತ್ತು. ಒಂದು ಭಾನುವಾರ ಅವರ ಹೆಗಲ ಮೇಲೆ ಮಖಮಲ್ಲಿನ ಚೀಲವಿತ್ತು. ಒಳಗೆ ಜಪಾನಿನದಂತೆ, ಕಪ್ಪಗೆ ಮಿರುಗುವ ರಾಡು. ಅದರ ಬೆಲೆಗೆ ಮದುವೆ ಹೆಣ್ಣಿನ ಧಾರೆ ಸೀರೆಯೇ ಬರುತ್ತಿತ್ತು, ರವಿಕೆ ಬಟ್ಟೆ ಸಮೇತ.

‘ಏನ್ ಚಾಚಾ, ಡಬ್ಬಿ ಕೊಂಡ್ಕೊಂಡ್ ಬಂದ್ರಾ? ರಾಡು ಫ್ರೀ ಕೊಟ್ರಾ?’ ಎಂದೆ.

‘ಹಿಡ್ದು ನೋಡಿ ಮಾತಾಡಮ್ಮಾ. ಗಾಳಿ ಹಿಡ್ಕೊಂಡಂಗೈತೆ. ಕೆರೆ ತಳದಾಗೆ ಇರುವೆ ಓಡಾಡಿದ್ರೂ ಬೆರಳಿಗೆ ಗೊತ್ತಾಗ್ತೈತೆ.’

‘ಇರುವೆ ಹಿಡಿಯೋಕಾ ಬಂದಿದ್ದೀವಿ?’

ಅಲ್ಲಿಂದ ಪ್ರತಿ ಭಾನುವಾರ ಇದೇ ಜಗಳ. ನನ್ನ ವಾದವನ್ನು ಸರಿಯಾಗಿ ಹೇಳಿಬಿಡುತ್ತೇನೆ, ಏಕೆಂದರೆ ಆಮೇಲೆ ಊರವರು ಅದನ್ನು ತಿರುಚಿದರು. ದುಬಾರಿ ರಾಡಿಗೂ ಅಗ್ಗದ ರಾಡಿಗೂ ವ್ಯತ್ಯಾಸವೇ ಇಲ್ಲ ಎಂದು ನಾನು ಹೇಳಲಿಲ್ಲ. ದುಬಾರಿಯದು ಹಗುರ. ಅದರ ರಿಂಗಿಗೆ ದಾರ ಸವೆಯುವುದು ಕಡಿಮೆ. ಎರಡು ಸಲ ನನ್ನ ರಾಡಿನ ತುದಿ ಮುರಿಯಿತು, ಅವರದು ಮುರಿಯಲಿಲ್ಲ. ಇದೆಲ್ಲ ಸರಿ. ಆದರೆ ರಬ್ಬರ್ ಕಪ್ಪೆಯನ್ನು ಜೊಂಡಿನ ಪಕ್ಕಕ್ಕೆ ಎಸೆದು ಎಳೆಯುವ ಕೆಲಸಕ್ಕೆ ಆ ವ್ಯತ್ಯಾಸ ಲೆಕ್ಕಕ್ಕೇ ಬರುವುದಿಲ್ಲ, ಬೆಲೆ ಗೊತ್ತಿರುವುದರಿಂದ ಕೈಗೆ ಹಾಗೆ ಅನ್ನಿಸುತ್ತದೆ, ಅಷ್ಟೇ. ಬೆಲೆ ಗೊತ್ತಿಲ್ಲದಿದ್ದರೆ ಅನ್ನಿಸುವುದಿಲ್ಲ. ಇಷ್ಟೇ ನನ್ನ ಮಾತು.

ಇದನ್ನು ಒಂದು ಸಂಜೆ ಅಂಗಡಿಯಲ್ಲಿ, ಗಿರಾಕಿಗಳ ಎದುರಿಗೇ ಹೇಳಿದೆ. ಚಾಚಾ ಬೆರಳೆತ್ತಿ, ‘ಕಣ್ಣು ಕಟ್ಟು. ಈ ಬೆರಳು ಹೇಳ್ತೈತೆ ಯಾವ್ದು ಯಾವ್ದು ಅಂತ’ ಎಂದುಬಿಟ್ಟರು. ಅಲ್ಲಿ ಮೂಲೆ ಅಂಗಡಿಯವನೂ ನಿಂತಿದ್ದ. ಅವನದೂ ಸೀರೆ ವ್ಯಾಪಾರ. ಆರ್ಟ್ ಸಿಲ್ಕನ್ನು ರೇಷ್ಮೆಯೆಂದು ಮಾರಿ, ಚಾಚಾನ ಬೆರಳಿನಿಂದಾಗಿ ಎಷ್ಟೋ ಸಲ ವಾಪಸ್ಸು ಪಡೆದವನು. ಅವನ ಮುಖ ಅರಳಿತು. ‘ಆಗ್ಲಿ ಸಾಹೇಬ್ರೇ, ಬರೋ ಭಾನುವಾರ ಕೆರೆ ಏರಿ ಮೇಲೇ ನೋಡ್ಬಿಡಾಣ. ಊರೂ ನೋಡ್ಲಿ.’

ಮೆಟ್ಟಿಲಿಳಿದು ಬಂದ ಚಾಚಿ ನನ್ನನ್ನು ಪಕ್ಕಕ್ಕೆ ಕರೆದರು. ‘ಬೇಟಿ, ನಮ್ಮ ಅನ್ನ ಇರೋದು ಆ ಎರಡು ಬೆರಳಲ್ಲಿ. ಆ ಮೂಲೆ ಅಂಗಡಿಯವನಿಗೆ ರಾಡೂ ಬೇಕಿಲ್ಲ, ಮೀನೂ ಬೇಕಿಲ್ಲ. ಬೆರಳು ತಪ್ತು ಅಂತ ಒಂದ್ಸಲ ಊರು ಅಂದ್ರೆ ಸಾಕು ಅವನಿಗೆ.’

‘ರಾಡು ಬೇರೆ, ರೇಷ್ಮೆ ಬೇರೆ ಚಾಚಿ. ಒಂದರಲ್ಲಿ ಸೋತ್ರೆ ಇನ್ನೊಂದ್ರಲ್ಲಿ ಸೋತಂಗೆ ಹೆಂಗಾಗುತ್ತೆ?’

‘ನಿನ್ನ ಕಾಲೇಜಲ್ಲಿ ಆಗಲ್ಲ. ಇಲ್ಲಿ ಆಗುತ್ತೆ.’

ಪರೀಕ್ಷೆಯನ್ನು ನಾನು ಕಟ್ಟುನಿಟ್ಟಾಗಿ ಮಾಡಿದೆ. ಎರಡೂ ರಾಡಿನ ಹಿಡಿಗೆ ಸೈಕಲ್ ಟ್ಯೂಬು ಸುತ್ತಿ, ಹೆಸರಿನ ಮೇಲೆ ಕಪ್ಪು ಟೇಪು ಅಂಟಿಸಿ, ಎರಡಕ್ಕೂ ಒಂದೇ ಥರದ ರೀಲು ಹಾಕಿದೆ. ಕಣ್ಣು ಕಟ್ಟಿ ಎಸೆಯುವಾಗ ಯಾರಿಗೂ ಚುಚ್ಚದಿರಲೆಂದು ಕಪ್ಪೆಯ ಗಾಳದ ಮುಳ್ಳು ಕಿತ್ತೆ. ನನ್ನ ಮುಖ ನೋಡಿ ಯಾರೂ ಏನೂ ಊಹಿಸಬಾರದೆಂದು ಬೆನ್ನು ಮಾಡಿ ನಿಂತೆ. ಮೂಲೆ ಅಂಗಡಿಯವನು ಅದಲುಬದಲು ಮಾಡಿ ಕೊಡಬೇಕು, ಚಾಚಾ ಎಸೆದು ಎಳೆದು ಹೇಳಬೇಕು, ಹಿಡಿಯ ತಳದಲ್ಲಿ ನಾನು ಹಾಕಿದ್ದ ಗುರುತನ್ನು ಆಗಲೇ ಎಲ್ಲರಿಗೂ ತೋರಿಸಬೇಕು. ಕಣ್ಣಿಗೆ ಕಟ್ಟಿದ್ದು ನನ್ನ ದುಪಟ್ಟಾ. ಕೆಂಪು ಟೋಪಿಯವರೂ ಸುತ್ತ ನಿಂತು ಮೊಬೈಲು ಹಿಡಿದಿದ್ದರು.

ಮೊದಲನೆಯದು ಸರಿ ಬಂತು. ಕೆಂಪು ಟೋಪಿಗಳು ಚಪ್ಪಾಳೆ ತಟ್ಟಿದವು. ಆಮೇಲೆ ತಪ್ಪು. ಮತ್ತೆ ತಪ್ಪು. ಒಂದು ಸರಿ, ಮತ್ತೆ ತಪ್ಪು. ಕೊನೆಗೆ ಒಂದು ರಾಡನ್ನು ಎತ್ತಿ, ಬೆರಳನ್ನು ಅದರ ಮೇಲೆ ಹಾಯಿಸಿ, ಮುಖವೆಲ್ಲ ಹಿಗ್ಗಿ, ‘ಇದೇ ನಂದು! ನೋಡಮ್ಮಾ, ನವಿಲುಗರಿ!’ ಎಂದರು. ಅದು ನನ್ನದು, ಎರಡು ಸಲ ತುದಿ ಮುರಿದು ಅಂಟು ಹಾಕಿಸಿಕೊಂಡದ್ದು. ಏರಿಯ ಮೇಲೆ ನಗು ಎದ್ದಿತು.

ಅವರಿಗೆ ನೆಪಗಳನ್ನು ಕೊಡಲು ಜನ ಸಾಲುಗಟ್ಟಿದರು. ಟ್ಯೂಬು ಸುತ್ತಿದ್ದರಿಂದ ಹಿಡಿತ ಗೊತ್ತಾಗಲಿಲ್ಲ, ಗಾಳಿ ಇತ್ತು, ಮುಳ್ಳಿಲ್ಲದ ಕಪ್ಪೆ ಹಗುರ. ಕೆಂಪು ಟೋಪಿಯೊಬ್ಬ, ‘ಅಂಕಲ್, ಇದು ಫೀಲ್ ಮಾಡೋ ವಿಷ್ಯ, ಟೆಸ್ಟ್ ಮಾಡೋದಲ್ಲ’ ಎಂಬ ಮಹಾಸತ್ಯ ನುಡಿದ. ಚಾಚಾ ದುಪಟ್ಟಾ ಬಿಚ್ಚಿ, ನೀಟಾಗಿ ಮಡಿಸಿ ನನ್ನ ಕೈಗಿಟ್ಟರು.

‘ಸೋತೆ ವಕೀಲಮ್ಮ’ ಎಂದರು. ‘ನೀನಂದಿದ್ದು ಸರಿ. ನಂಗೊತ್ತಾಗ್ಲಿಲ್ಲ.’

ಚರ್ಚಾಸ್ಪರ್ಧೆಗಳಲ್ಲಿ ನಾನು ಗೆದ್ದ ಕಪ್ಪುಗಳು ನಮ್ಮ ಟೀವಿಯ ಮೇಲೆ ಸಾಲಾಗಿವೆ. ಎದುರಾಳಿಯೊಬ್ಬ ಈ ಮಾತು ಹೇಳಿದ್ದನ್ನು ಅಲ್ಲೆಲ್ಲೂ ಕೇಳಿಲ್ಲ. ಮೈಕು ಸರಿಯಿರಲಿಲ್ಲ ಎನ್ನುತ್ತಾರೆ, ತೀರ್ಪುಗಾರರು ಅವರ ಕಾಲೇಜಿನವರು ಎನ್ನುತ್ತಾರೆ, ವಿಷಯವೇ ಏಕಪಕ್ಷೀಯ ಎನ್ನುತ್ತಾರೆ. ಇನ್ನೂ ನಾಚಿಕೆಗೆಟ್ಟವರು, ನಾನೂ ಅದನ್ನೇ ಹೇಳಿದ್ದು ಎನ್ನುತ್ತಾರೆ. ಈ ಮನುಷ್ಯ ಕಳೆದುಕೊಳ್ಳುವುದೇನೆಂದು ಚೆನ್ನಾಗಿ ಗೊತ್ತಿದ್ದೂ, ಅದು ಕಳೆಯಲೆಂದೇ ಕಾಯುತ್ತಿದ್ದ ಮೂಲೆ ಅಂಗಡಿಯವನ ಎದುರಿಗೇ ಹೇಳಿದರು.

ಚಾಚಿ ಹೇಳಿದ್ದೇ ಆಯಿತು. ಆ ವಾರವೇ ರಾಜಘಟ್ಟದ ಕಡೆಯ ಒಬ್ಬ ತಂದೆ ಮಗಳ ಸೀರೆ ತಂದು ಹಾಸಿದ. ಚಾಚಾ ಮುಟ್ಟಿ, ‘ರೇಷ್ಮೆ ಅಲ್ಲಪ್ಪಾ’ ಎಂದರು. ಆತ ಮುಖ ನೋಡಿದ. ‘ಅದೇನೋ ಸಾಹೇಬ್ರೇ, ನಿಮ್ಮ ಬೆರಳು ಈಚೆಗೆ ಸರಿಯಿಲ್ವಂತೆ. ಮೂಲೆ ಅಂಗ್ಡಿಯೋರು ಅಂದ್ರು, ಕೋಲೇ ಗೊತ್ತಾಗ್ದೋರಿಗೆ ನೂಲೇನು ಗೊತ್ತಾಗ್ತೈತೆ ಅಂತ.’

ನಾನು ಎದ್ದು ನಿಂತೆ. ‘ಅಣ್ಣಾ, ಕೇರಂ ಆಡಕ್ಕೆ ಬರದ ಡಾಕ್ಟ್ರ ಹತ್ರ ಇಂಜೆಕ್ಷನ್ ಹಾಕಿಸ್ಕೊಳಲ್ವಾ ನೀವು? ಆ ಮಾತಿಗೂ ಈ ಮಾತಿಗೂ ಏನು ಸಂಬಂಧ?’

‘ನೀನೇ ಅಲ್ವೇನಮ್ಮಾ ಕಣ್ಣು ಕಟ್ಟಿದ್ದು?’

ಊರಿನ ತರ್ಕ ಇಷ್ಟು. ನಿನ್ನೆಯವರೆಗೆ ಆಧಾರವಿಲ್ಲದೆ ನಂಬಿದವರು, ಇವತ್ತು ಆಧಾರವಿಲ್ಲದೆ ಅಪನಂಬಿಕೆಗೆ ಹೊರಳಿದರು. ನಡುವೆ ಒಂದು ಗಳಿಗೆಯಾದರೂ ಯೋಚಿಸಬೇಕೆಂದು ಒಬ್ಬನಿಗೂ ಅನ್ನಿಸಲಿಲ್ಲ.

ಚಾಚಾ ವಾದಿಸಲಿಲ್ಲ. ಅಂಚಿನಿಂದ ಒಂದು ಎಳೆ ಕಿತ್ತು, ಬೆಂಕಿಕಡ್ಡಿ ಗೀರಿ ಹಿಡಿದರು. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬರಬೇಕು. ಇದು ಕಾಗದದಂತೆ ಉರಿದುಹೋಯಿತು. ಆತ ಸೀರೆ ಎತ್ತಿಕೊಂಡು ಸೀದಾ ಮೂಲೆ ಅಂಗಡಿಗೆ ಹೋದ. ಅಂದಿನಿಂದ ಬಂದವರಿಗೆಲ್ಲ ಅವರು ಎಳೆ ಸುಟ್ಟೇ ತೋರಿಸಬೇಕಾಯಿತು. ಗಲ್ಲಾದ ಮೇಲೆ ಬೆಂಕಿಪೊಟ್ಟಣ ಕಾಯಂ ಆಯಿತು.

ಇದು ಮೊದಲಿಗಿಂತ ಒಳ್ಳೆಯ ಪದ್ಧತಿ. ಆಗಲೂ ಹಾಗೇ ಹೇಳಿದೆ, ಈಗಲೂ ಹೇಳುತ್ತೇನೆ. ‘ಈಗ ನಿಮ್ಮ ಮಾತನ್ನ ಯಾರೂ ನಂಬೋ ಅಗತ್ಯವೇ ಇಲ್ಲ ಚಾಚಾ, ಕಣ್ಣಿಗೇ ಕಾಣುತ್ತೆ’ ಎಂದಾಗ ಅವರು ನಕ್ಕರು.

‘ಸರಿ ಕಣಮ್ಮಾ, ಒಪ್ದೆ. ಆದ್ರೆ ಬೆರಳಲ್ಲಿ ನೋಡಿದ್ರೆ ಸೀರೆ ಪೂರ್ತಿ ಉಳೀತಿತ್ತು.’

ಅದಕ್ಕೆ ನಾನು ಕೊಟ್ಟ ಉತ್ತರ ಉದ್ದವಾಗಿತ್ತು, ಚುರುಕಾಗಿತ್ತು. ಇವತ್ತು ಅದರ ಒಂದು ಪದವೂ ನೆನಪಿಲ್ಲ.

ಭಾನುವಾರ ಅವರು ಆ ಜಪಾನಿನ ರಾಡನ್ನೇ ತರುತ್ತಿದ್ದರು. ‘ಸೋತ ಮೇಲೂ ಇದ್ಯಾಕೆ?’ ಎಂದರೆ, ‘ಸೋತಿದ್ದು ನಾನು. ರಾಡು ಏನು ಮಾಡ್ತು?’ ಹೀಗೆ ಮೂರ್ಖತನವನ್ನು ತಿಳಿದೂ ತಿಳಿದೂ ಹೆಗಲ ಮೇಲೆ ಹೊತ್ತು ತಿರುಗುವವರನ್ನು ಏನೆಂದು ಖಂಡಿಸುವುದು?

ಹೋದ ರಂಜಾನ್ ಮುಗಿದ ಸ್ವಲ್ಪ ದಿನಕ್ಕೆ ಎದೆನೋವೆಂದು ಆಸ್ಪತ್ರೆಗೆ ಹೋದವರು ವಾಪಸ್ಸು ಬರಲಿಲ್ಲ. ‘ಎಂಥಾ ಬೆರಳು, ಮುಟ್ಟಿದ್ರೆ ಗೊತ್ತಾಗೋದು’ ಎಂದು ಎಲ್ಲರಿಗಿಂತ ಜೋರಾಗಿ ಅತ್ತವನು ಮೂಲೆ ಅಂಗಡಿಯವನು.

ನಲವತ್ತನೇ ದಿನದ ಪ್ರಾರ್ಥನೆ ಮುಗಿದ ಮೇಲೆ ಚಾಚಿ ಮೇಲಕ್ಕೆ ಕರೆದರು. ಹಾಸಿಗೆಯ ಮೇಲೆ ಒಂದು ಹಳೆಯ ಕೆಂಪು ಸೀರೆ, ಪಕ್ಕದಲ್ಲಿ ಗಲ್ಲಾದಿಂದ ತಂದ ಬೆಂಕಿಪೊಟ್ಟಣ.

‘ನಮ್ಮ ಮದ್ವೇಲಿ ಅವ್ರು ತಂದಿದ್ದು. ಆಗ ಅವ್ರು ಇನ್ನೊಬ್ರ ಮಗ್ಗದಲ್ಲಿ ಕೂಲಿ. ಅಸಲಿ ರೇಶ್ಮೆ ಅಂದಿದ್ರು. ಮೊಮ್ಮಗಳಿಗೆ ಕೊಡ್ಬೇಕು ಅಂತಿದೀನಿ. ಏನಂತ ಹೇಳಿ ಕೊಡ್ಲಿ? ನೀನೇ ನೋಡಿ ಹೇಳು.’

ಸೆರಗಿನ ಮೂಲೆ ಹಿಡಿದು ಕಣ್ಣು ಮುಚ್ಚಿದೆ. ಅಷ್ಟು ವರ್ಷ ಅವರ ಪಕ್ಕದಲ್ಲಿ ಕೂತು ನಾನು ಕಲಿತಿದ್ದು ಕಣ್ಣು ಮುಚ್ಚುವುದನ್ನು ಮಾತ್ರ. ಮೆತ್ತಗಿತ್ತು. ಹಳೆಯ ಬಟ್ಟೆಯೆಲ್ಲ ಮೆತ್ತಗೇ ಇರುತ್ತದೆ.

‘ಬೆರಳಲ್ಲಿ ನಂಗೆ ಗೊತ್ತಾಗಲ್ಲ ಚಾಚಿ’ ಎಂದೆ. ‘ಒಂದೆಳೆ ಕೀಳ್ಲಾ?’

ಅವರು ಬೆಂಕಿಪೊಟ್ಟಣವನ್ನು ಎತ್ತಿ ಪಕ್ಕಕ್ಕಿಟ್ಟರು.

‘ನಕ್ಕೋ, ಬೇಡ ಬಿಡು. ಅವ್ರು ಹೇಳಿದ್ದನ್ನೇ ಹೇಳಿ ಕೊಡ್ತೀನಿ.’

ಹೇಳಿಕೆ ಬೇರೆ, ಪುರಾವೆ ಬೇರೆ ಎಂದು ನಾಲಿಗೆಯ ತುದಿಯವರೆಗೆ ಬಂದಿತ್ತು. ಚಾಚಿ ಆಗಲೇ ಸೀರೆಯ ಎರಡು ಮೂಲೆಗಳನ್ನು ನನ್ನ ಕಡೆ ಚಾಚಿದ್ದರು. ಇಬ್ಬರೂ ಸೇರಿ ಅದನ್ನು ಮಡಿಸಿದೆವು.