ಹೊಡಕೊಂಡು ಬಂದ ಕಾರಿನಲ್ಲಿ ಎರಡು ದಿನ

ಶನಿವಾರ ಬೆಳಗ್ಗೆ ಮೈಸೂರಿನ ರೈಲು ನನ್ನನ್ನು ಹಾವೇರಿಯಲ್ಲಿ ಇಳಿಸಿತು. ನಾನು ಹೋದದ್ದು ಊರು ನೋಡಲು ಅಲ್ಲ, ಹುಡುಗನನ್ನು ನೋಡಲು. ಹುಬ್ಬಳ್ಳಿಯಲ್ಲಿ ಕೆಲಸದಲ್ಲಿದ್ದ ನನ್ನ ತಂಗಿ ಸುಧಾ ತನ್ನ ಆಫೀಸಿನ ಶಿವಾನಂದನನ್ನು ಮೆಚ್ಚಿಕೊಂಡಿದ್ದಳು. "ಎರಡು ದಿನ ಅವರ ಜೊತೆ ಸುತ್ತಾಡಿ ಬಾ ಅಕ್ಕ. ನೀನು ಬೇಡ ಅಂದ್ರೆ ಬೇಡ," ಎಂದಿದ್ದಳು. ಅಮ್ಮ ಹೋದ ಮೇಲೆ ಅವಳನ್ನು ಬೆಳೆಸಿದವಳು ನಾನು. ಆ ಮಾತು ಕೇಳಿ ಸ್ವಲ್ಪ ಬೀಗಿದ್ದೂ ಉಂಟು.

ಸ್ಟೇಷನ್ನಿನ ಹೊರಗೆ ಶಿವಾನಂದ ಕೆಂಪು ಸ್ಪೋರ್ಟ್ಸ್ ಕಾರಿಗೆ ಒರಗಿ ನಿಂತಿದ್ದ. ಎರಡೇ ಸೀಟು, ಮೇಲೆ ಛಾವಣಿಯಿಲ್ಲ, ಮಹಾರಾಷ್ಟ್ರದ ನಂಬರು. ಒಬ್ಬ ಗುಮಾಸ್ತನಿಗೆ ಇಂಥ ಕಾರು ಎಲ್ಲಿಂದ ಬಂತು? ಕೇಳಿಯೇ ಬಿಟ್ಟೆ.

"ನಮ್ಮ ಕಾಕಾಂದ್ರಿ ಅಕ್ಕಾರ. ನಿನ್ನೆ ಪುಣೇದಿಂದ ಹೊಡಕೊಂಡು ಬಂದೇನಿ," ಎಂದು ಹಲ್ಲು ಬಿಟ್ಟ.

ನಮ್ಮ ಕಡೆ ಕಾರು ಹೊಡಕೊಂಡು ಬಂದ ಎಂದರೆ ಕದ್ದು ತಂದ ಎಂದೇ ಅರ್ಥ. ಅದೂ ಸ್ವಂತ ಚಿಕ್ಕಪ್ಪನ ಕಾರು! ಸೆರಗನ್ನು ತಲೆಗೆ ಬಿಗಿದು ಕೂತೆ. ಎರಡು ದಿನದಲ್ಲಿ ಇವನ ಬಂಡವಾಳವೆಲ್ಲ ಹೊರಬರಲಿ ಎಂದುಕೊಂಡೆ.

ಹೆದ್ದಾರಿ ಬಿಟ್ಟು ಕರ್ಜಗಿಯ ಕಡೆಯ ಸಣ್ಣ ರಸ್ತೆ ಹಿಡಿದ. "ಹೈವೇ ಅಗಲ ಮಾಡಾಕತ್ತಾರ್ರಿ, ಬರೇ ಧೂಳು," ಎಂದ. ಧೂಳಿಗೋ, ಪೊಲೀಸರಿಗೋ? ಹೊಸರಿತ್ತಿಯಲ್ಲಿ ಚಹಾಕ್ಕೆ ಇಳಿದಾಗ ಕಾರಿಗೆ ನಂಬರೂ ಕಾಣದಂತೆ ತಾಡಪಾಲು ಹೊದಿಸಿದ. ಸೀಟು ಬಿಸಿಲಿಗೆ ಕಾಯುತ್ತದಂತೆ. ದಾರಿಯಲ್ಲಿ ಎರಡು ಸಲ ಅವನ ಮೊಬೈಲ್ ರಿಂಗಾಯಿತು. "ಕಾಕಾರಿ. ಆಮ್ಯಾಲ ಮಾತಾಡ್ತೇನಿ," ಎಂದು ಸುಮ್ಮನಾಗಿಸಿದ. ಫೆಬ್ರವರಿಯ ಬಿಸಿಲು ನೆತ್ತಿ ಸುಡುತ್ತಿತ್ತು. ಜೋಳದ ಹೊಲಗಳು ಚೆನ್ನಾಗಿದ್ದವು ಅನ್ನಿಸುತ್ತದೆ, ನಾನು ಹಿಂದೆ ಬರುವ ಜೀಪುಗಳನ್ನೇ ನೋಡುತ್ತಿದ್ದೆ.

ರಾಣೆಬೆನ್ನೂರಿನ ಹತ್ತಿರದ ಹಲಗೇರಿ ಅವನ ಊರು. ಅವನ ತಾಯಿ "ಬರ್ರಿ, ಕುಂದ್ರಿ" ಎಂದು ಕೈ ಹಿಡಿದು ಕೂರಿಸಿದರು. ಬಿಸಿ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು. ಬೇಡವೆಂದರೂ ಇನ್ನೊಂದು ರೊಟ್ಟಿ ತಟ್ಟೆಗೆ ಬಿತ್ತು. ಊಟ ರುಚಿಯಾಗಿತ್ತು, ಅದೇ ನನಗೆ ಸಂಕಟ. ಅಷ್ಟರಲ್ಲಿ ಆಕೆ ಮಗನಿಗೆ, "ಎಲ್ಲಾರ ಕಣ್ಣೂ ಆ ಗಾಡಿ ಮ್ಯಾಲ ಅದಾವ. ಲಗೂ ಹಿತ್ತಲಕ್ಕ ನಿಲ್ಲಿಸು," ಎಂದರು. ಓಹೋ, ತಾಯಿಗೂ ಗೊತ್ತು!

ಆ ರಾತ್ರಿ ಅಲ್ಲೇ ಉಳಿದೆ. ಭಾನುವಾರ ಬೆಳಗ್ಗೆ ರಾಣೆಬೆನ್ನೂರಿನ ಎಸ್‌ಟಿಡಿ ಬೂತಿನಿಂದ ಸುಧಾಗೆ ಫೋನ್ ಮಾಡಿದೆ. "ಈ ಹುಡುಗ ಬೇಡ. ಯಾಕೆ ಅಂತ ಆಮೇಲೆ ಹೇಳ್ತೀನಿ." ಅವಳು ಕಾರಣ ಕೇಳಲಿಲ್ಲ. "ಸರಿ ಅಕ್ಕ," ಎಂದು ಫೋನ್ ಇಟ್ಟಳು. ಅವಳ ದನಿ ಒಡೆದದ್ದು ನನಗೆ ಕೇಳಿಸಿತ್ತು. ಒಳ್ಳೆಯದಕ್ಕೇ ಮಾಡಿದೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ.

ಮಧ್ಯಾಹ್ನ ಬ್ಯಾಡಗಿ ಸೇರುವ ಮೊದಲೇ ಗಾಳಿಯಲ್ಲಿ ಮೆಣಸಿನಕಾಯಿ ಘಾಟು. ತೆರೆದ ಕಾರಿನಲ್ಲಿ ಮೂಗು, ಕಣ್ಣು ಎಲ್ಲ ಉರಿ. ಶಿವಾನಂದ ಒದ್ದೆ ಕರವಸ್ತ್ರ ಕೊಟ್ಟು, ನನಗೆ ಮೆಣಸಿನಕಾಯಿ ಅಂಗಳ ತೋರಿಸಿ, ಕಾರಿನ ಬಳಿಗೆ ಹೋದ. ಅಂಗಳದಲ್ಲಿ ತೊಟ್ಟು ಬಿಡಿಸುತ್ತಿದ್ದ ಹೆಂಗಸೊಬ್ಬಳು ಸೀನಿ ಸುಸ್ತಾಗಿದ್ದ ನನಗೆ ನೀರು ಕೊಟ್ಟಳು.

"ತಡಾ ಮಾಡಬ್ಯಾಡ್ರಿ, ಹೊರಗ ನೆರಳಾಗ ಕುಂದ್ರಿ. ನನ್ನ ಮಗಳೂ ಬರೂ ಹೊತ್ತಾತು. ಹಾವೇರಿಯಿಂದ ಸ್ಕೂಟಿ ಹೊಡಕೊಂಡು ಬರ್ತಾಳ."

"ಏನು? ಯಾರ ಸ್ಕೂಟಿ ಕದ್ಕೊಂಡು?"

ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. "ಅಯ್ಯ, ಕದಿಯೂದು ಯಾಕ್ರಿ? ಆಕಿದ ಸ್ವಂತ ಗಾಡಿ. ತಾನ ಹೊಡೀತಾಳ," ಎನ್ನುತ್ತ ಎರಡೂ ಕೈ ಮುಂದೆ ಚಾಚಿ ಹ್ಯಾಂಡಲ್ ತಿರುಗಿಸಿ ತೋರಿಸಿದಳು.

ಇಲ್ಲಿ ಹೊಡಕೊಂಡು ಬರುವುದೆಂದರೆ ಓಡಿಸಿಕೊಂಡು ಬರುವುದು! ಎದುರಿನ ಫೋನ್ ಅಂಗಡಿಗೆ ಓಡಿದೆ. ಸುಧಾಳ ನಂಬರು ಎಂಗೇಜ್. ಮತ್ತೆ ಒತ್ತಿದೆ, ಮತ್ತೆ ಎಂಗೇಜ್. ತಿರುಗಿ ನೋಡಿದರೆ ಶಿವಾನಂದ ಕಾರಿನ ಪಕ್ಕ ಮೊಬೈಲನ್ನು ಕಿವಿಗಿಟ್ಟು ನಿಂತಿದ್ದ.

ನಾನು ಹತ್ತಿರ ಹೋಗುವಷ್ಟರಲ್ಲಿ ಮಾತು ಮುಗಿದಿತ್ತು. "ಅಕ್ಕಾರಿಗೆ ನಮ್ಮೂರು ಭಾಳ ಹಿಡಿಸೇತಿ ಅಂತ ಹೇಳಾಕ ಫೋನ್ ಮಾಡಿದ್ದೆ. ಸುಧಾ ಈ ಮದುವಿ ಬ್ಯಾಡ ಅಂದ್ರು. ಯಾಕ ಅಂದ್ರ, ಅಕ್ಕನ್ನ ಕೇಳ್ರಿ ಅಂದ್ರು."

ಏನನ್ನೂ ಮುಚ್ಚಿಡದೆ ಹೇಳಿದೆ. ಅವನು ನಗಬಹುದೆಂದು ಆಸೆಪಟ್ಟಿದ್ದೆ. ನಗಲಿಲ್ಲ.

"ಖರೇ ಏನ್ರಿ? ಕಳ್ಳ ಅಂತ ತಿಳದು ನಮ್ಮವ್ವನ ಕೈಲೆ ಊಟಾ ಮಾಡಿದ್ರಿ?" ಕಾರಿನ ಕಡೆ ಕೈ ತೋರಿಸಿದ: "ಅಕ್ಕಾರಿಗೆ ಊರು ತೋರಸ್ತೇನಿ ಅಂದದ್ದಕ್ಕ ಕಾಕಾ ಗಾಡಿ ಕೊಟ್ಟಾರ್ರಿ."

ನಾಚಿಕೆಯಿಂದ ಕುಗ್ಗಿಹೋದೆ. ತಪ್ಪಾಯ್ತಪ್ಪ ಎಂದು ಕೈ ಮುಗಿದೆ. ಅವನೇ ಸುಧಾಳ ನಂಬರು ಒತ್ತಿ ಮೊಬೈಲು ನನ್ನ ಕೈಗಿಟ್ಟ. ಅವಳಿಗೂ ಎಲ್ಲ ಹೇಳಿದೆ.

"ಇನ್ಮೇಲೆ ನಿನ್ನನ್ನ ಕೇಳಲ್ಲ ಅಕ್ಕ," ಎಂದಳು. "ಫೋನ್ ಅವರಿಗೆ ಕೊಡು."

ಸಂಜೆ ಅವನು ನನ್ನನ್ನು ಹಾವೇರಿಯ ರೈಲಿಗೆ ಮುಟ್ಟಿಸಿ, ಚೀಲವನ್ನೂ ಸೀಟಿನ ತನಕ ತಂದಿಟ್ಟ. ರೈಲು ಹೊರಟಾಗ ಕಿಟಕಿಯಿಂದ ತಿರುಗಿ ನೋಡಿದೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಮೊಬೈಲಿನಲ್ಲಿ ಮಾತಾಡುತ್ತಿದ್ದ. ನನಗೆ ಕೈ ಬೀಸಿದ, ಮಾತು ನಿಲ್ಲಿಸಲಿಲ್ಲ. ಅವರಿಬ್ಬರೂ ಏನು ತೀರ್ಮಾನಿಸಿದರೆಂದು ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.